ವರ್ಣಬಂಧನ ವಿಧಾನ (ರಕ್ತದ ಪ್ರೋಟೀನ್ ಮಾಪನ)

ವರ್ಣಬಂಧನ ವಿಧಾನ ಅಥವಾ ಡೈ ಬೈಂಡಿಂಗ್ ವಿಧಾನವು ರಕ್ತದಲ್ಲಿರುವ ಪ್ರೋಟೀನ್‌ನ, ಮುಖ್ಯವಾಗಿ ಆಲ್ಬುಮಿನ್‌ನ, ಪ್ರಮಾಣವನ್ನು ಅಳೆಯಲು ವೈದ್ಯಕೀಯ ಪ್ರಯೋಗಾಲಯಗಳಲ್ಲಿ ಬಳಸುವ ರಾಸಾಯನಿಕ ವಿಧಾನ. ಕೆಲವು ವರ್ಣದ್ರವ್ಯಗಳು ಪ್ರೋಟೀನ್ ಅಣುವಿಗೆ ಅಂಟಿಕೊಂಡಾಗ ತಮ್ಮ ಬಣ್ಣವನ್ನು ಬದಲಿಸುತ್ತವೆ. ಈ ಬದಲಾವಣೆಯನ್ನು ಬೆಳಕಿನ ಹೀರಿಕೆಯ ಮೂಲಕ ಅಳೆದು ಪ್ರೋಟೀನ್‌ನ ಪ್ರಮಾಣವನ್ನು ಲೆಕ್ಕ ಹಾಕಲಾಗುತ್ತದೆ. ಖರ್ಚು ಕಡಿಮೆ, ಸಮಯವೂ ಕಡಿಮೆ. ಸರಳ ಉಪಕರಣವಿದ್ದರೆ ಸಾಕು. ಆದ್ದರಿಂದ ದೊಡ್ಡ ಆಸ್ಪತ್ರೆಯ ಸ್ವಯಂಚಾಲಿತ ಯಂತ್ರದಿಂದ ಹಿಡಿದು ತಾಲ್ಲೂಕು ಕೇಂದ್ರದ ಸಣ್ಣ ಪ್ರಯೋಗಾಲಯದವರೆಗೆ ಇದೇ ವಿಧಾನ ರೂಢಿಯಲ್ಲಿದೆ. ಆದರೆ ಬಳಸಿದ ವರ್ಣದ್ರವ್ಯ ಯಾವುದು ಎಂಬುದರ ಮೇಲೆ ಒಂದೇ ರಕ್ತದ ಫಲಿತಾಂಶವೂ ಬದಲಾಗಬಹುದು.

ಹಿನ್ನೆಲೆ

ರಕ್ತವು ಹೆಪ್ಪುಗಟ್ಟಿದ ನಂತರ ಬೇರ್ಪಡುವ ತಿಳಿಹಳದಿ ದ್ರವವೇ ಸೀರಮ್. ಆರೋಗ್ಯವಂತ ವಯಸ್ಕರ ಸೀರಮ್‌ನಲ್ಲಿ ಪ್ರತಿ ಡೆಸಿಲೀಟರಿಗೆ ಸುಮಾರು 6ರಿಂದ 8 ಗ್ರಾಂ ಪ್ರೋಟೀನ್ ಇರುತ್ತದೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು, ಅಂದರೆ 3.5ರಿಂದ 5 ಗ್ರಾಂ, ಆಲ್ಬುಮಿನ್. 585 ಅಮೈನೋ ಆಮ್ಲಗಳ ಈ ಪ್ರೋಟೀನನ್ನು ಯಕೃತ್ತು ತಯಾರಿಸುತ್ತದೆ. ರಕ್ತನಾಳದೊಳಗೆ ನೀರನ್ನು ಹಿಡಿದಿಡುವುದು ಹಾಗೂ ಬಿಲಿರುಬಿನ್, ಕೊಬ್ಬಿನಾಮ್ಲ, ಕ್ಯಾಲ್ಸಿಯಂ ಮತ್ತು ಅನೇಕ ಔಷಧಿಗಳನ್ನು ಹೊತ್ತು ಸಾಗಿಸುವುದು ಅದರ ಕೆಲಸ. ಯಕೃತ್ತಿನ ಸಿರೋಸಿಸ್, ಮೂತ್ರದಲ್ಲಿ ಪ್ರೋಟೀನ್ ಸೋರಿಹೋಗುವ ನೆಫ್ರೋಟಿಕ್ ಸಿಂಡ್ರೋಮ್, ದೀರ್ಘಕಾಲದ ಸೋಂಕು, ತೀವ್ರ ಸುಟ್ಟಗಾಯ ಮೊದಲಾದ ಸ್ಥಿತಿಗಳಲ್ಲಿ ಆಲ್ಬುಮಿನ್ ಕುಸಿಯುತ್ತದೆ. ಕಾಲು ಊದಿಕೊಳ್ಳುತ್ತದೆ, ಹೊಟ್ಟೆಯಲ್ಲಿ ನೀರು ತುಂಬಬಹುದು. ಆಲ್ಬುಮಿನ್‌ನ ಅರ್ಧಾಯು ಸುಮಾರು ಮೂರು ವಾರ. ಹೀಗಾಗಿ ಯಕೃತ್ತಿಗೆ ಹಠಾತ್ ಹಾನಿಯಾದ ಮೊದಲ ದಿನಗಳಲ್ಲಿ ಅದರ ಮಟ್ಟ ಸಾಮಾನ್ಯವಾಗಿಯೇ ಇರಬಹುದು.

ವರದಿಗಳಲ್ಲಿ ಕಾಣುವ ‘ಒಟ್ಟು ಪ್ರೋಟೀನ್’ ಸಂಖ್ಯೆ ಸಾಮಾನ್ಯವಾಗಿ ವರ್ಣಬಂಧನದಿಂದ ಬಂದದ್ದಲ್ಲ. ಅದನ್ನು ತಾಮ್ರದ ಅಯಾನನ್ನು ಬಳಸುವ ಬೈಯುರೆಟ್ ವಿಧಾನದಿಂದ ಅಳೆಯುತ್ತಾರೆ. ಒಟ್ಟು ಪ್ರೋಟೀನ್‌ನಿಂದ ಆಲ್ಬುಮಿನ್ ಕಳೆದಾಗ ಉಳಿಯುವುದೇ ‘ಗ್ಲೋಬುಲಿನ್’. ಆದ್ದರಿಂದ ಆಲ್ಬುಮಿನ್ ಅಳತೆಯಲ್ಲಿ ತಪ್ಪಾದರೆ ಗ್ಲೋಬುಲಿನ್ ಹಾಗೂ ಇವೆರಡರ ಅನುಪಾತ ಕೂಡ ತಪ್ಪುತ್ತವೆ.

ತತ್ವ

ಹೆಚ್ಚು ಬಳಕೆಯಲ್ಲಿರುವ ವರ್ಣದ್ರವ್ಯ ಬ್ರೋಮೋಕ್ರೆಸಾಲ್ ಗ್ರೀನ್. ವರದಿಗಳಲ್ಲಿ ಇದನ್ನು ಬಿಸಿಜಿ ಎಂದು ಬರೆಯುತ್ತಾರೆ. ಕ್ಷಯರೋಗದ ಲಸಿಕೆಯಾದ ಬಿಸಿಜಿಗೂ ಇದಕ್ಕೂ ಸಂಬಂಧವಿಲ್ಲ. ಇದು ಆಮ್ಲ-ಕ್ಷಾರ ಸೂಚಕ. ಪಿಎಚ್ 3.8ಕ್ಕಿಂತ ಕಡಿಮೆಯಿದ್ದರೆ ಹಳದಿ, 5.4ಕ್ಕಿಂತ ಹೆಚ್ಚಿದ್ದರೆ ನೀಲಿ. ಪರೀಕ್ಷೆಯನ್ನು ಪಿಎಚ್ ಸುಮಾರು 4.2 ಇರುವ ಬಫರ್ ದ್ರಾವಣದಲ್ಲಿ ನಡೆಸುತ್ತಾರೆ. ಈ ಆಮ್ಲೀಯತೆಯಲ್ಲಿ ಆಲ್ಬುಮಿನ್ ಅಣುವಿನ ಮೇಲೆ ಒಟ್ಟಾರೆ ಧನ ವಿದ್ಯುದಂಶವಿರುತ್ತದೆ, ವರ್ಣದ್ರವ್ಯದ ಮೇಲೆ ಋಣ ವಿದ್ಯುದಂಶ. ಎರಡೂ ಬಂಧಿಸಿದಾಗ ವರ್ಣದ್ರವ್ಯವು ತನ್ನ ನೀಲಿ ರೂಪಕ್ಕೆ ವಾಲುತ್ತದೆ. ದ್ರಾವಣದ ಪಿಎಚ್ ಬದಲಾಗದಿದ್ದರೂ ಹಳದಿಯಾಗಿದ್ದ ದ್ರಾವಣ ನೀಲಿ-ಹಸಿರಾಗುತ್ತದೆ. ಆಲ್ಬುಮಿನ್ ಹೆಚ್ಚಿದ್ದಷ್ಟೂ ಬಣ್ಣ ಗಾಢ. ಇದನ್ನು ಸುಮಾರು 630 ನ್ಯಾನೋಮೀಟರ್ ತರಂಗಾಂತರದಲ್ಲಿ ಅಳೆಯುತ್ತಾರೆ.

ಸ್ವಾರಸ್ಯವೆಂದರೆ ಈ ವಿಧಾನದ ಬೇರು ಇರುವುದು ಒಂದು ತೊಡಕಿನಲ್ಲಿ. ಪಿಎಚ್ ಅಳತೆಗೋಲನ್ನು ರೂಪಿಸಿದ ಡೆನ್ಮಾರ್ಕಿನ ರಸಾಯನಶಾಸ್ತ್ರಜ್ಞ ಸೊರೆನ್‌ಸೆನ್, ಪ್ರೋಟೀನ್ ಇರುವ ದ್ರಾವಣಗಳಲ್ಲಿ ಸೂಚಕಗಳು ತಪ್ಪು ಬಣ್ಣ ತೋರಿಸುತ್ತವೆ ಎಂಬುದನ್ನು 1909ರಲ್ಲಿ ಗುರುತಿಸಿದರು. ಇದಕ್ಕೆ ‘ಸೂಚಕಗಳ ಪ್ರೋಟೀನ್ ದೋಷ’ ಎಂಬ ಹೆಸರು ಬಂತು. ಪಿಎಚ್ ಅಳೆಯುವವರಿಗೆ ದೋಷವಾಗಿದ್ದುದೇ ಪ್ರೋಟೀನ್ ಅಳೆಯುವವರಿಗೆ ಸಾಧನವಾಯಿತು. ಮೂತ್ರದಲ್ಲಿ ಪ್ರೋಟೀನ್ ಇದೆಯೇ ಎಂದು ನೋಡಲು ಅದ್ದುವ ಕಾಗದದ ಪಟ್ಟಿಯೂ ಇದೇ ತತ್ವದ ಮೇಲೆ ಕೆಲಸ ಮಾಡುತ್ತದೆ.

ಇತಿಹಾಸ

ಸೀರಮ್ ಆಲ್ಬುಮಿನ್‌ಗೆ ವರ್ಣಬಂಧನವನ್ನು ಬಳಸಿದ ಆರಂಭದ ಪ್ರಯತ್ನಗಳಲ್ಲಿ ಬ್ರ್ಯಾಕನ್ ಮತ್ತು ಕ್ಲಾಟ್ಜ್ 1953ರಲ್ಲಿ ಪ್ರಕಟಿಸಿದ ಮಿಥೈಲ್ ಆರೆಂಜ್ ವಿಧಾನ ಒಂದು. ಮರುವರ್ಷವೇ ಹಾಬಾ ಎಂಬ ವರ್ಣದ್ರವ್ಯದ ವಿಧಾನ ಬಂತು. ಆದರೆ ಕಾಮಾಲೆಯಿರುವವರ ರಕ್ತದ ಬಿಲಿರುಬಿನ್ ಮತ್ತು ಆಸ್ಪಿರಿನ್ ವರ್ಗದ ಔಷಧಿಗಳು ಆಲ್ಬುಮಿನ್ ಮೇಲಿನ ಅದೇ ಜಾಗಕ್ಕೆ ಪೈಪೋಟಿ ನಡೆಸುತ್ತಿದ್ದುದರಿಂದ ಅದು ಹಿಂದೆ ಸರಿಯಿತು. ರಾಡ್ಕಿ 1965ರಲ್ಲಿ ಬ್ರೋಮೋಕ್ರೆಸಾಲ್ ಗ್ರೀನ್ ಅನ್ನು ಬಳಸಿದರು. 1971ರಲ್ಲಿ ಡೂಮಾಸ್, ವಾಟ್ಸನ್ ಮತ್ತು ಬಿಗ್ಸ್ ಅದನ್ನು ಪಿಎಚ್ 4.2ಕ್ಕೆ ಹೊಂದಿಸಿದ ರೂಪವೇ ಇಂದಿನ ಕಿಟ್‌ಗಳ ಮೂಲ. ಬ್ರೋಮೋಕ್ರೆಸಾಲ್ ಪರ್ಪಲ್ (ಬಿಸಿಪಿ) ವಿಧಾನವನ್ನು ಪಿನೆಲ್ ಮತ್ತು ನಾರ್ಥಮ್ 1978ರಲ್ಲಿ ಸ್ವಯಂಚಾಲಿತ ಯಂತ್ರಗಳಿಗೆ ಅಳವಡಿಸಿದರು. ಬ್ರ್ಯಾಡ್‌ಫರ್ಡ್ 1976ರಲ್ಲಿ ವಿವರಿಸಿದ ಕೂಮಾಸಿ ಬ್ಲೂ ವಿಧಾನವು ಸಂಶೋಧನಾ ಪ್ರಯೋಗಾಲಯಗಳಲ್ಲಿ ಹೆಚ್ಚು ಪ್ರಸಿದ್ಧ.

ಪರೀಕ್ಷೆಯ ಕ್ರಮ

ಬಹಳಷ್ಟು ಕಿಟ್‌ಗಳಲ್ಲಿ 1 ಮಿಲಿಲೀಟರ್ ವರ್ಣದ್ರಾವಣಕ್ಕೆ 0.01 ಮಿಲಿಲೀಟರ್ ಸೀರಮ್ ಸೇರಿಸುತ್ತಾರೆ. ಬರಿಯ ವರ್ಣದ್ರಾವಣದ ಒಂದು ನಳಿಗೆ (ಬ್ಲ್ಯಾಂಕ್) ಮತ್ತು ಪ್ರಮಾಣ ಗೊತ್ತಿರುವ ಆಲ್ಬುಮಿನ್‌ನ ಇನ್ನೊಂದು ನಳಿಗೆ (ಸ್ಟ್ಯಾಂಡರ್ಡ್) ಜೊತೆಗಿರುತ್ತವೆ. ಬ್ಲ್ಯಾಂಕ್ ಅನ್ನು ಸೊನ್ನೆಗೆ ಹೊಂದಿಸಿದಾಗ, ಡೆಸಿಲೀಟರಿಗೆ 4 ಗ್ರಾಂ ಇರುವ ಸ್ಟ್ಯಾಂಡರ್ಡ್‌ನ ಹೀರಿಕೆ 0.40 ಹಾಗೂ ರೋಗಿಯ ಮಾದರಿಯ ಹೀರಿಕೆ 0.28 ಎಂದಿಟ್ಟುಕೊಂಡರೆ, ಆಲ್ಬುಮಿನ್ 0.28 ÷ 0.40 × 4 = 2.8 ಗ್ರಾಂ. ಅಳತೆ ಇಷ್ಟು ಸಣ್ಣದಾಗಿರುವುದರಿಂದ ಪಿಪೆಟ್‌ನ ತುದಿಯಲ್ಲಿ ಅಂಟಿಕೊಂಡ ಒಂದು ಹನಿಯೂ ಫಲಿತಾಂಶವನ್ನು ಕೆಡಿಸಬಲ್ಲದು.

ವರ್ಣದ್ರವ್ಯಗಳ ನಡುವಿನ ವ್ಯತ್ಯಾಸ

ಬಿಸಿಜಿ ಕೇವಲ ಆಲ್ಬುಮಿನ್‌ಗೆ ಅಂಟುವುದಿಲ್ಲ. ಆಲ್ಬುಮಿನ್ ಜೊತೆ ಅದು ಕ್ಷಣಾರ್ಧದಲ್ಲಿ ವರ್ತಿಸುತ್ತದೆ, ಕೆಲವು ಗ್ಲೋಬುಲಿನ್‌ಗಳ ಜೊತೆ ನಿಧಾನವಾಗಿ. ಗುಸ್ಟಾಫ್ಸನ್ 1976ರಲ್ಲಿ ಇದನ್ನು ತೋರಿಸಿ, ಬಣ್ಣವನ್ನು ಕೂಡಲೇ ಓದಬೇಕೆಂದು ಸೂಚಿಸಿದರು. ಐದು ನಿಮಿಷ ಕಾದು ಓದಿದರೆ ಗ್ಲೋಬುಲಿನ್‌ನ ಪಾಲೂ ಸೇರಿಕೊಂಡು ಆಲ್ಬುಮಿನ್ ಇರುವುದಕ್ಕಿಂತ ಹೆಚ್ಚೆಂದು ಬರುತ್ತದೆ. ಆರೋಗ್ಯವಂತರಲ್ಲಿ ಈ ದೋಷ ಅಲ್ಪ. ಆಲ್ಬುಮಿನ್ ಕಡಿಮೆಯಾಗಿ ಉರಿಯೂತದ ಪ್ರೋಟೀನ್‌ಗಳು ಹೆಚ್ಚಿರುವ ರೋಗಿಯಲ್ಲಿ ಅದು ದೊಡ್ಡದು. ಅಂದರೆ ನಿಖರತೆ ಅತ್ಯಂತ ಅಗತ್ಯವಿರುವ ಕಡೆಯೇ ವಿಧಾನ ಹೆಚ್ಚು ಎಡವುತ್ತದೆ.

ಬಿಸಿಪಿ ಆಲ್ಬುಮಿನ್‌ಗೆ ಹೆಚ್ಚು ನಿಷ್ಠ; ಅದರ ಫಲಿತಾಂಶ ಪ್ರತಿಕಾಯಗಳನ್ನು ಬಳಸುವ ದುಬಾರಿ ಪರೀಕ್ಷೆಗಳಿಗೆ ಹತ್ತಿರ. ಆದರೆ ಮೂತ್ರಪಿಂಡ ವೈಫಲ್ಯವಿರುವವರ ರಕ್ತದಲ್ಲಿ ಸೇರಿಕೊಳ್ಳುವ ಕೆಲವು ವಸ್ತುಗಳು ಮತ್ತು ಯೂರಿಯಾದಿಂದ ಮಾರ್ಪಟ್ಟ ಆಲ್ಬುಮಿನ್ ಈ ಬಂಧನಕ್ಕೆ ಅಡ್ಡಿಪಡಿಸುವುದರಿಂದ, ಡಯಾಲಿಸಿಸ್ ರೋಗಿಗಳಲ್ಲಿ ಬಿಸಿಪಿ ಕಡಿಮೆ ಸಂಖ್ಯೆಯನ್ನು ತೋರಿಸಬಹುದು. ದನದ ಆಲ್ಬುಮಿನ್ ಜೊತೆ ಬಿಸಿಪಿ ಸರಿಯಾಗಿ ವರ್ತಿಸುವುದಿಲ್ಲ. ದನದ ಸೀರಮ್‌ನಿಂದ ತಯಾರಿಸಿದ ಸ್ಟ್ಯಾಂಡರ್ಡ್ ಅದಕ್ಕೆ ಒಗ್ಗದು. ಪಶುವೈದ್ಯ ಪ್ರಯೋಗಾಲಯಗಳು ಬಿಸಿಜಿಯನ್ನೇ ಆರಿಸಿಕೊಳ್ಳುವುದಕ್ಕೆ ಇದು ಕಾರಣ.

ಈ ವ್ಯತ್ಯಾಸ ಚಿಕಿತ್ಸೆಯ ಮಾರ್ಗಸೂಚಿಗಳಲ್ಲೂ ಸ್ಥಾನ ಪಡೆದಿದೆ. ಮೂತ್ರಪಿಂಡ ರೋಗಗಳ ಕುರಿತ ಅಂತರರಾಷ್ಟ್ರೀಯ ಸಂಸ್ಥೆ ಕೆಡಿಗೋದ 2021ರ ಮಾರ್ಗಸೂಚಿಯು, ಮೆಂಬ್ರೇನಸ್ ನೆಫ್ರೋಪತಿಯಲ್ಲಿ ರಕ್ತ ಹೆಪ್ಪುಗಟ್ಟದಂತೆ ಔಷಧಿ ಕೊಡುವ ನಿರ್ಧಾರಕ್ಕೆ ಬಿಸಿಜಿಯಲ್ಲಿ 2.5 ಗ್ರಾಂ ಇರುವ ಮಿತಿಯನ್ನು ಬಿಸಿಪಿಯಲ್ಲಿ 2 ಗ್ರಾಂ ಎಂದು ಪರಿಗಣಿಸಲು ಹೇಳುತ್ತದೆ.

ಮಂಡ್ಯ, ಮದ್ದೂರು ಮತ್ತು ಮಳವಳ್ಳಿಯ ಸಂದರ್ಭ

ಒಂದೇ ರೋಗಿಯ ರಕ್ತ ಹಲವು ಪ್ರಯೋಗಾಲಯಗಳಲ್ಲಿ ಪರೀಕ್ಷೆಗೊಳಗಾಗುವ ಕಡೆ ಮೇಲಿನ ವ್ಯತ್ಯಾಸ ಪ್ರಾಯೋಗಿಕ ಸಮಸ್ಯೆಯಾಗುತ್ತದೆ. ಮಂಡ್ಯ ಜಿಲ್ಲೆ ಇದಕ್ಕೆ ಒಳ್ಳೆಯ ಉದಾಹರಣೆ. ಜಿಲ್ಲಾ ಕೇಂದ್ರದಲ್ಲಿ ಸರ್ಕಾರಿ ಮಂಡ್ಯ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ (ಮಿಮ್ಸ್) ಇದೆ. ಬೆಂಗಳೂರು–ಮೈಸೂರು ಹೆದ್ದಾರಿಯ ಮೇಲಿರುವ ಮದ್ದೂರಿನಲ್ಲೂ, ಅದರ ದಕ್ಷಿಣಕ್ಕೆ ಕೊಳ್ಳೇಗಾಲದ ದಾರಿಯಲ್ಲಿರುವ ಮಳವಳ್ಳಿಯಲ್ಲೂ ತಾಲ್ಲೂಕು ಆಸ್ಪತ್ರೆಗಳಿವೆ. ಖಾಸಗಿ ಪ್ರಯೋಗಾಲಯಗಳೂ ಇವೆ. ಮಳವಳ್ಳಿಯ ಹಳ್ಳಿಯೊಂದರ ರೋಗಿ ಮೊದಲು ಊರಿನ ಹತ್ತಿರ, ಬಳಿಕ ಮಂಡ್ಯದಲ್ಲಿ, ಕೆಲವೊಮ್ಮೆ ಮೈಸೂರು ಅಥವಾ ಬೆಂಗಳೂರಿನಲ್ಲಿ ರಕ್ತ ಕೊಡುವುದು ಸಾಮಾನ್ಯ.

ಸಿರೋಸಿಸ್ ಇರುವ ವ್ಯಕ್ತಿಯೊಬ್ಬರಿಗೆ ತಾಲ್ಲೂಕಿನಲ್ಲಿ ಬಿಸಿಜಿಯಿಂದ 2.9, ವಾರದ ನಂತರ ಬೇರೆಡೆ ಬಿಸಿಪಿಯಿಂದ 2.4 ಎಂದು ವರದಿ ಬಂದಿತೆಂದು ಭಾವಿಸೋಣ. ಕಾಯಿಲೆ ಉಲ್ಬಣಿಸಿತೆಂದು ಮನೆಯವರು ಗಾಬರಿಯಾಗುವುದು ಸಹಜ. ರೋಗದ ತೀವ್ರತೆಯನ್ನು ಅಳೆಯುವ ಚೈಲ್ಡ್–ಪ್ಯೂ ಅಂಕಪಟ್ಟಿಯಲ್ಲಿ 2.8ರಿಂದ 3.5ರವರೆಗಿನ ಆಲ್ಬುಮಿನ್‌ಗೆ 2 ಅಂಕ, ಅದಕ್ಕಿಂತ ಕಡಿಮೆಯಿದ್ದರೆ 3 ಅಂಕ. ವಾಸ್ತವದಲ್ಲಿ ರೋಗಿಯ ಸ್ಥಿತಿ ಇದ್ದಂತೆಯೇ ಇದ್ದು, ಬದಲಾದದ್ದು ವರ್ಣದ್ರವ್ಯ ಮಾತ್ರ ಆಗಿರಬಹುದು. ಆದ್ದರಿಂದ ದೀರ್ಘಕಾಲದ ಕಾಯಿಲೆಯಲ್ಲಿ ಸಾಧ್ಯವಾದಷ್ಟು ಒಂದೇ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸುವುದು, ಇಲ್ಲವೇ ಹಳೆಯ ವರದಿಗಳನ್ನು ಜೊತೆಗೆ ಒಯ್ಯುವುದು ಉಪಯುಕ್ತ. ಹಲವು ವರದಿಗಳಲ್ಲಿ ಪರೀಕ್ಷೆಯ ಹೆಸರಿನ ಕೆಳಗೆ ವಿಧಾನವನ್ನು ಸಣ್ಣ ಅಕ್ಷರಗಳಲ್ಲಿ ಮುದ್ರಿಸಿರುತ್ತಾರೆ. ಸಂಖ್ಯೆಯಷ್ಟೇ ಆ ಸಾಲೂ ಮುಖ್ಯ. ಜಲೋದರದ ಕಾರಣ ತಿಳಿಯಲು ಸೀರಮ್ ಮತ್ತು ಹೊಟ್ಟೆಯ ನೀರಿನ ಆಲ್ಬುಮಿನ್‌ಗಳ ಅಂತರ 1.1 ಗ್ರಾಂ ಅಥವಾ ಹೆಚ್ಚಿದೆಯೇ ಎಂದು ನೋಡುವಾಗಲಂತೂ ಎರಡೂ ಮಾದರಿಗಳನ್ನು ಒಂದೇ ದಿನ ತೆಗೆದು ಒಂದೇ ವಿಧಾನದಿಂದ ಅಳೆಯಬೇಕು.

ಮಾದರಿ ತೆಗೆಯುವ ರೀತಿಯೂ ಪರಿಣಾಮ ಬೀರುತ್ತದೆ. ನಿಂತಿದ್ದವರಲ್ಲಿ ಮಲಗಿದ್ದವರಿಗಿಂತ ಆಲ್ಬುಮಿನ್ ಸ್ವಲ್ಪ ಹೆಚ್ಚು ಕಾಣುತ್ತದೆ. ತೋಳಿಗೆ ಪಟ್ಟಿಯನ್ನು ಬಹಳ ಹೊತ್ತು ಬಿಗಿದರೂ ಹಾಗೆಯೇ. ರಕ್ತವನ್ನು ದೂರ ಸಾಗಿಸುವಾಗ ಕುಲುಕಿ ಕೆಂಪುಕಣಗಳು ಒಡೆದರೆ ಹಿಮೋಗ್ಲೋಬಿನ್ ಅಳತೆಗೆ ಅಡ್ಡಬರುತ್ತದೆ. ಸೀರಮನ್ನು ಮೊದಲೇ ಬೇರ್ಪಡಿಸಿ ತಂಪಿನಲ್ಲಿಟ್ಟರೆ ಆಲ್ಬುಮಿನ್ ಹಲವು ದಿನ ಕೆಡುವುದಿಲ್ಲ.

ಹಾಲಿನ ಪ್ರೋಟೀನ್

ವರ್ಣಬಂಧನ ರಕ್ತಕ್ಕೆ ಸೀಮಿತವಲ್ಲ. ಮಂಡ್ಯ ಹಾಲು ಒಕ್ಕೂಟದ ಡೇರಿಯಿರುವ ಗೆಜ್ಜಲಗೆರೆ ಮದ್ದೂರು ತಾಲ್ಲೂಕಿನಲ್ಲೇ ಇರುವುದರಿಂದ ಈ ಸಂಗತಿ ಸ್ಥಳೀಯ ವಿದ್ಯಾರ್ಥಿಗಳಿಗೆ ಆಸಕ್ತಿಕರ. ಹೈನು ವಿಜ್ಞಾನದಲ್ಲಿ ಅಮೈಡೋ ಬ್ಲ್ಯಾಕ್ ಮತ್ತು ಆರೆಂಜ್ ಜಿ ವರ್ಣದ್ರವ್ಯಗಳಿಂದ ಹಾಲಿನ ಪ್ರೋಟೀನನ್ನು ಅಳೆಯುವ ವಿಧಾನಗಳು 1950ರ ದಶಕದಲ್ಲೇ ರೂಪುಗೊಂಡವು. ಅಲ್ಲಿ ಲೆಕ್ಕ ತಿರುಗುಮುರುಗು: ವರ್ಣದ್ರವ್ಯವು ಪ್ರೋಟೀನ್ ಜೊತೆ ಸೇರಿ ತಳಕ್ಕಿಳಿಯುತ್ತದೆ, ಮೇಲೆ ಉಳಿದ ಬಣ್ಣವನ್ನು ಅಳೆಯುತ್ತಾರೆ. ಬಣ್ಣ ತೆಳುವಾದಷ್ಟೂ ಹಾಲಿನಲ್ಲಿ ಪ್ರೋಟೀನ್ ಹೆಚ್ಚು.