ಡಿಸೆಂಬರ್ ಕ್ರೂಸ್ ಮತ್ತು ನಮ್ಮವರ ಡೆಕ್ ಕ್ಲಾಸ್

ಕಾಮೋಠೆಯಿಂದ ಮಾತಾಡ್ತಾ ಇದ್ದೀನಿ. ಈ ಸಲದ ವಿಷಯ ಹಡಗು.

ಡಿಸೆಂಬರ್ ಬಂತು ಅಂದ್ರೆ ನಮ್ಮ ಐಟಿಯವರ ವಾಟ್ಸಾಪ್ ಗುಂಪುಗಳಲ್ಲಿ ಒಂದೇ ಮಾತು. ಕ್ಲೈಂಟ್‌ಗೆ ಕ್ರಿಸ್‌ಮಸ್ ರಜೆ, ಕೋಡ್ ಫ್ರೀಜ್ ಆಗಿದೆ, ಗೋವಾಕ್ಕೋ ಲಕ್ಷದ್ವೀಪಕ್ಕೋ ಕ್ರೂಸ್ ಹೋಗೋಣ್ವಾ? 2021ರಿಂದ ಕಾರ್ಡೀಲಿಯಾದವರ ‘ಎಂಪ್ರೆಸ್’ ಹಡಗು ಮುಂಬೈಯಿಂದ ಹೀಗೆ ಜನರನ್ನು ಕರೆದೊಯ್ಯುತ್ತಿದೆ. ಈಜುಕೊಳ, ಹಾಡು, ಕುಣಿತ ಎಲ್ಲಾ ಉಂಟು. ಹೋಗಬೇಡಿ ಅಂತ ಹೇಳೋಕೆ ನಾನು ಬಂದಿಲ್ಲ. ಆದರೆ ಇದೇ ನೀರಿನ ಮೇಲೆ ನಮ್ಮ ಕರಾವಳಿಯವರು ಹೊಟ್ಟೆಪಾಡಿಗಾಗಿ ಡೆಕ್ ಮೇಲೆ ಚಾಪೆ ಹಾಸಿಕೊಂಡು ಬರ್ತಿದ್ದರು. ಆ ಕತೆ ತಿಳಿದುಕೊಂಡು ಹತ್ತೋಣ.

ಮೊದಲು, ಹಡಗೇ ಯಾಕೆ? ಮಂಗಳೂರಿಗೆ ರೈಲು ಬಂದದ್ದು 1907ರಲ್ಲಿ. ಆದರೆ ಅದು ಬಂದದ್ದು ದಕ್ಷಿಣದಿಂದ, ಕೇರಳದ ಕಡೆಯಿಂದ. ಆ ರೈಲು ಹಿಡಿದು ಮುಂಬೈ ಸೇರಬೇಕಂದ್ರೆ ಪಾಲ್ಘಾಟ್ ದಾಟಿ ಅರ್ಧ ದಕ್ಷಿಣ ಭಾರತ ಸುತ್ತಬೇಕು. ಕರಾವಳಿಯಲ್ಲೇ ಉತ್ತರಕ್ಕೆ ಹೋಗೋಣ ಅಂದ್ರೆ ಶರಾವತಿ, ಅಘನಾಶಿನಿ, ಗಂಗಾವಳಿ, ಕಾಳಿ ಒಂದಾದ ಮೇಲೊಂದು ಅಡ್ಡ. ಸೇತುವೆಗಳೆಲ್ಲ ಬಹಳ ತಡವಾಗಿ ಬಂದವು. ಹಾಗಾಗಿ ನೇರ ದಾರಿ ಅಂದ್ರೆ ಸಮುದ್ರವೇ. ಬಾಂಬೆ ಸ್ಟೀಮ್ ನ್ಯಾವಿಗೇಶನ್ ಕಂಪನಿಯಂಥವರ ಸ್ಟೀಮರುಗಳು ಮುಂಬೈಗೂ ನಮ್ಮ ಬಂದರುಗಳಿಗೂ ನಡುವೆ ಓಡಾಡುತ್ತಿದ್ದವು. ಮರಾಠಿ, ಕೊಂಕಣಿಯವರು ಅದಕ್ಕೆ ‘ಆಗಬೋಟ್’ ಅನ್ನೋರು, ಅಂದರೆ ಬೆಂಕಿಯ ದೋಣಿ. ಸಣ್ಣ ಬಂದರುಗಳಲ್ಲಿ ಹಡಗು ದಡಕ್ಕೆ ಬರ್ತಿರಲಿಲ್ಲ. ದೂರದಲ್ಲಿ ಲಂಗರು ಹಾಕಿ ನಿಲ್ಲೋದು, ಜನ ದೋಣಿಯಲ್ಲಿ ಹೋಗಿ ಹತ್ತೋದು.

ಹೀಗೆ ಬಂದವರು ಹೋಟೆಲಿನಲ್ಲಿ ಲೋಟ ತೊಳೆದರು, ಮಿಲ್ಲು, ಬಂದರುಗಳಲ್ಲಿ ದುಡಿದರು, ರಾತ್ರಿ ಶಾಲೆಯಲ್ಲಿ ಕನ್ನಡದಲ್ಲೇ ಓದಿದರು. ಮೊಗವೀರ ವ್ಯವಸ್ಥಾಪಕ ಮಂಡಳಿ ಮುಂಬೈಯಲ್ಲಿ ಶುರುವಾದದ್ದು 1902ರಲ್ಲಿ. ಅಂದರೆ ಮಂಗಳೂರಿಗೆ ರೈಲು ಬರೋಕೆ ಐದು ವರ್ಷ ಮೊದಲೇ ಇಲ್ಲಿ ನಮ್ಮವರ ಸಂಘ ಇತ್ತು!

ಈಗ ಮುಖ್ಯ ವಿಷಯ, ರಜೆ. ನಮ್ಮ ರಜೆ ಕ್ಲೈಂಟ್‌ನ ಕ್ಯಾಲೆಂಡರ್ ನೋಡಿ ಬರುತ್ತೆ. ಅವರ ರಜೆಯನ್ನು ಸಮುದ್ರ ತೀರ್ಮಾನ ಮಾಡ್ತಿತ್ತು. ಜೂನ್‌ನಲ್ಲಿ ಮಳೆ ಹಿಡಿದರೆ ಕರಾವಳಿಯ ದೂರದ ಹಡಗುಗಳು ಬಂದ್. ಮತ್ತೆ ಶುರುವಾಗೋದು ಮಳೆಗಾಲ ಕಳೆದ ಮೇಲೆ. ನಮ್ಮ ಸೆಕ್ಟರ್‌ನಲ್ಲಿ ಕುಂದಾಪುರ ಕಡೆಯ ಹಿರಿಯರೊಬ್ಬರಿದ್ದಾರೆ, ಹುಡುಗನಾಗಿದ್ದಾಗಲೇ ಹೋಟೆಲ್ ಕೆಲಸಕ್ಕೆ ಬಂದವರು. ಅವರು ನನಗೆ ಹೇಳಿದ್ದು ಇಷ್ಟೇ: “ಅಪ್ಪಯ್ಯ ಹೋದ್ದ್ ಆಸಾಡಿಯಂಗೆ. ಹಡಗೇ ಇಲ್ಲ. ನಾನ್ ಊರ್ ಮುಟ್ಟುವತ್ತಿಗೆ ದೀಪಾವಳಿ.” ಘಟ್ಟ ಹತ್ತಿ ಬಸ್ಸು, ರೈಲು ಬದಲಿಸಿಕೊಂಡು ಹೋಗುವ ದಾರಿ ಇತ್ತಲ್ಲ ಅಂತ ನೀವು ಕೇಳಬಹುದು. ಇತ್ತು. ಅದಕ್ಕೆ ಬೇಕಾದ ದುಡ್ಡೂ ಇರಲಿಲ್ಲ, ಅಷ್ಟು ದಿನದ ರಜೆಯೂ ಇರಲಿಲ್ಲ.

ಮಳೆಗಾಲದ ಸಮುದ್ರ ಅಂದ್ರೆ ಏನು ಅನ್ನೋದಕ್ಕೆ ಒಂದೇ ಉದಾಹರಣೆ ಸಾಕು. 1947ರ ಜುಲೈ 17. ಸ್ವಾತಂತ್ರ್ಯಕ್ಕೆ ಇನ್ನು ಒಂದು ತಿಂಗಳೂ ಇಲ್ಲ. ಮರಾಠಿಗರ ಗಟಾರಿ, ನಮ್ಮ ಭೀಮನ ಅಮಾವಾಸ್ಯೆ. ಮುಂಬೈಯ ಭಾವುಚಾ ಧಕ್ಕಾದಿಂದ ‘ರಾಮದಾಸ್’ ಅನ್ನುವ ಹಡಗು ಬೆಳಗ್ಗೆ ರೇವಸ್‌ಗೆ ಹೊರಟಿತು. ದೂರದ ಪ್ರಯಾಣವೇನಲ್ಲ, ಬಂದರಿನ ಬಾಯಿ ದಾಟಿದರೆ ಆ ದಡ. ದಾರಿಯಲ್ಲಿ ಬಿರುಗಾಳಿಗೆ ಸಿಕ್ಕಿ ಮಗುಚಿತು. ಸತ್ತವರು 600ಕ್ಕೂ ಹೆಚ್ಚು. ಉಳಿದವರಲ್ಲಿ ಕೆಲವರನ್ನು ಎಳೆದುಕೊಂಡದ್ದು ಮೀನುಗಾರರ ದೋಣಿಗಳು. ಹಬ್ಬಕ್ಕೆ ಊರಿಗೆ ಹೊರಟಿದ್ದ ಜನ ಅವರು. ಇವತ್ತು ಕಾಮೋಠೆಯಿಂದ ಅಲೀಬಾಗ್‌ಗೆ ವೀಕೆಂಡ್ ಹೋಗುವ ನಮ್ಮಲ್ಲಿ ಎಷ್ಟು ಜನ ಈ ಹೆಸರು ಕೇಳಿದ್ದೇವೆ ಹೇಳಿ?

ಮುಂದೆ ಹೆದ್ದಾರಿ, ಸೇತುವೆ, ರಾತ್ರಿ ಬಸ್ಸು ಬಂದವು. ಮುಂಬೈ–ಗೋವಾ ನಡುವೆ ‘ಕೊಂಕಣ ಶಕ್ತಿ’, ‘ಕೊಂಕಣ ಸೇವಕ್’ ಹಡಗುಗಳು 1980ರ ದಶಕದವರೆಗೂ ಓಡಿ ನಿಂತವು. 1990ರಲ್ಲಿ ಕೊಂಕಣ ರೈಲ್ವೆ ನಿಗಮ ಹುಟ್ಟಿತು. ಆಗ ರೈಲ್ವೆ ಮಂತ್ರಿ ಜಾರ್ಜ್ ಫರ್ನಾಂಡಿಸ್, ಮಂಗಳೂರಿನಲ್ಲಿ ಹುಟ್ಟಿ ಮುಂಬೈಯಲ್ಲಿ ಕಾರ್ಮಿಕ ನಾಯಕರಾದವರು. ನಿಗಮದ ಕಚೇರಿ ಬೇಲಾಪುರದಲ್ಲೇ ಇದೆ, ನಮ್ಮ ಮಾನಸರೋವರ್ ಸ್ಟೇಷನ್ನಿಂದ ಎರಡನೇ ನಿಲ್ದಾಣ. 1998ರ ಜನವರಿ 26ಕ್ಕೆ ಇಡೀ ದಾರಿ ತೆರೆಯಿತು. ಇವತ್ತು ಪನ್ವೇಲ್‌ನಲ್ಲಿ ಮತ್ಸ್ಯಗಂಧ ಹತ್ತಿ ಮಲಗಿದರೆ ಬೆಳಗ್ಗೆ ಕರಾವಳಿ. ಆದರೂ ಮಳೆಗಾಲ ಬಂದರೆ ಈ ರೈಲಿಗೂ ಬೇರೆ ವೇಳಾಪಟ್ಟಿ, ನಿಧಾನ ಓಟ. ಮಳೆ ತನ್ನ ಹಕ್ಕು ಪೂರ್ತಿ ಬಿಟ್ಟುಕೊಟ್ಟಿಲ್ಲ.

ಕ್ರೂಸ್ ಹಡಗಿಗೂ ಆ ಸ್ಟೀಮರಿಗೂ ಇರುವ ವ್ಯತ್ಯಾಸ ಬರೀ ಈಜುಕೊಳದ್ದಲ್ಲ. ಸ್ಟೀಮರು ಹರ್ಣೈ, ರತ್ನಾಗಿರಿ, ಮಾಲ್ವಣ, ವೆಂಗುರ್ಲಾ ಅಂತ ಊರೂರಿಗೆ ನಿಂತು ಜನರನ್ನು ಮನೆ ಮುಟ್ಟಿಸುತ್ತಿತ್ತು. ಕ್ರೂಸ್ ಈ ಊರುಗಳ ಮುಂದೆಯೇ ರಾತ್ರಿ ದೀಪ ಹಾಕಿಕೊಂಡು ಹೋಗುತ್ತದೆ, ನಿಲ್ಲೋದಿಲ್ಲ. ಹತ್ತಿದ ಜಾಗಕ್ಕೇ ತಂದು ಇಳಿಸುತ್ತದೆ. ಅದು ಅದರ ತಪ್ಪಲ್ಲ, ಅದರ ಕೆಲಸವೇ ಅದು.

ನಮ್ಮ ಕೆಲಸ ಬೇರೆ ಇದೆ. ಆ ಸ್ಟೀಮರು ಹತ್ತಿ ಬಂದ ಕೊನೆಯ ತಲೆಮಾರಿಗೆ ಈಗ ಎಂಬತ್ತು ದಾಟಿದೆ. ಟಿಕೆಟ್, ಟೋಲ್, ಟೈಮ್ ಎಲ್ಲದರ ಲೆಕ್ಕ ಇಡುವ ನಾವು ಇವರ ಮಾತನ್ನು ಒಂದು ಗಂಟೆ ಫೋನಿನಲ್ಲಿ ರೆಕಾರ್ಡ್ ಮಾಡಿಟ್ಟಿಲ್ಲ ಅಂದ್ರೆ ಹೇಗೆ? ಈ ಡಿಸೆಂಬರ್‌ನಲ್ಲಿ ಹತ್ತು ದಿನ ರಜೆ ಸಿಕ್ಕಿದೆ ಅಲ್ವಾ? ಮೂರು ದಿನ ಹಡಗಿಗೆ ಕೊಡಿ. ಒಂದು ಮಧ್ಯಾಹ್ನ ಅವರ ಪಕ್ಕ ಕೂತು, ಯಾವ ಬಂದರಿನಲ್ಲಿ ಹತ್ತಿದಿರಿ, ಕೈಯಲ್ಲಿ ಏನಿತ್ತು, ಮಳೆಗಾಲದಲ್ಲಿ ಊರಿನಿಂದ ಯಾವ ಸುದ್ದಿ ಬಂತು ಅಂತ ಕೇಳಿ. ಮುಂದಿನ ಮಳೆಗಾಲದವರೆಗೆ ಕಾಯಬೇಡಿ.