ಕೆಳದಿಯ ರಾಣಿ ವೀರಮ್ಮಾಜಿ: ಆಳ್ವಿಕೆ ಮತ್ತು ಅಪವಾದ

ಶಿಕಾರಿಪುರ ಹಾಗೂ ಸೊರಬ ಸೀಮೆಗಳು ಬಹುಕಾಲ ಕೆಳದಿ ಅರಸರ ಆಡಳಿತದಲ್ಲಿದ್ದವು. ಸೊರಬದ ಚಂದ್ರಗುತ್ತಿ ಅವರ ಪ್ರಮುಖ ದುರ್ಗಗಳಲ್ಲೊಂದು. ಈ ಮನೆತನದ ಇತಿಹಾಸದಲ್ಲಿ ಇಬ್ಬರು ವಿಧವೆಯರು ಸ್ವತಂತ್ರವಾಗಿ ರಾಜ್ಯಭಾರ ನಡೆಸಿದರು. ಚೆನ್ನಮ್ಮಾಜಿಯನ್ನು ನಾಡು ವೀರಮಾತೆಯೆಂದು ನೆನೆಯುತ್ತದೆ. ವೀರಮ್ಮಾಜಿಯ ಹೆಸರಿಗೆ ಮಾತ್ರ ಕಳಂಕವೊಂದು ಅಂಟಿಕೊಂಡಿದೆ. ಆ ಕಳಂಕದ ಸ್ವರೂಪವನ್ನು ಜಾನಪದ ಅಧ್ಯಯನದ ದೃಷ್ಟಿಯಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ವೀರಮ್ಮಾಜಿ ಇಮ್ಮಡಿ ಬಸವಪ್ಪನಾಯಕನ ಪತ್ನಿ. ಅವನ ನಂತರ ದತ್ತುಪುತ್ರ ಚೆನ್ನಬಸವಪ್ಪನಾಯಕ ಪಟ್ಟಕ್ಕೆ ಬಂದನು. ಅವನು ಅಲ್ಪಕಾಲದಲ್ಲಿಯೇ ಮರೆಯಾದಾಗ, ರಾಣಿಯು ಸೋಮಶೇಖರನೆಂಬ ಬಾಲಕನನ್ನು ದತ್ತು ಪಡೆದು 1757ರಿಂದ ಬಿದನೂರಿನಿಂದ ಆಳಿದಳು. 1763ರಲ್ಲಿ ಹೈದರಾಲಿಯ ಸೈನ್ಯ ಶಿವಮೊಗ್ಗ, ಕುಂಸಿಗಳ ಮಾರ್ಗವಾಗಿ ಬಿದನೂರಿಗೆ ನುಗ್ಗಿತು. ರಾಣಿ ಬಲ್ಲಾಳರಾಯನದುರ್ಗಕ್ಕೆ ತೆರಳಿದಳು. ಬಳಿಕ ಸೆರೆಸಿಕ್ಕಿ ಮಧುಗಿರಿಯ ಕೋಟೆಯಲ್ಲಿ ಬಂಧಿಯಾದಳು.

ರಾಣಿಯ ಮೇಲಿನ ಆರೋಪ ಎರಡು ಎಳೆಗಳುಳ್ಳದ್ದು. ಅವಳಿಗೆ ಕೀಳು ಅಂತಸ್ತಿನ ಪ್ರಿಯಕರನಿದ್ದನೆಂಬುದು ಒಂದು. ಅದನ್ನು ಆಕ್ಷೇಪಿಸಿದ ದತ್ತುಪುತ್ರನನ್ನು ಸ್ನಾನದ ಸಮಯದಲ್ಲಿ ಜೆಟ್ಟಿಯಿಂದ ಕತ್ತು ಮುರಿಸಿ ಕೊಲ್ಲಿಸಿದಳೆಂಬುದು ಇನ್ನೊಂದು. ಇವನ್ನು ವಿಸ್ತಾರವಾಗಿ ನಿರೂಪಿಸಿದವನು ಮಾರ್ಕ್ ವಿಲ್ಕ್ಸ್. ಅವನ ಮೈಸೂರು ಇತಿಹಾಸ ಪ್ರಕಟವಾದುದು 1810–17ರ ಅವಧಿಯಲ್ಲಿ, ಅಂದರೆ ಘಟನೆ ನಡೆದ ಅರ್ಧ ಶತಮಾನದ ಅನಂತರ. ಮುಂದೆ ಗೆಜೆಟಿಯರುಗಳು ಇದನ್ನೇ ಅನುಸರಿಸಿದವು.

ಇತ್ತ ಚಿತ್ರದುರ್ಗದಲ್ಲಿ ಹೈದರಾಲಿಯ ಬಳಿಗೆ ತಾನೇ ಚೆನ್ನಬಸವಪ್ಪನೆಂದು ಹೇಳಿಕೊಂಡ ಯುವಕನೊಬ್ಬ ಬಂದಿದ್ದನು. ಜೆಟ್ಟಿ ಕನಿಕರಿಸಿ ಜೀವದಾನ ಮಾಡಿದನೆಂಬುದು ಅವನ ಕಥೆ. ಕೊಲ್ಲಲು ಹೋದವನೇ ಮರುಗಿ ಬಿಡುವುದು, ಸತ್ತನೆಂದುಕೊಂಡ ಕುಮಾರ ಮರಳಿ ಬಂದು ಪಟ್ಟ ಕೇಳುವುದು, ಇವು ನಮ್ಮ ಜನಪದ ಕಥೆಗಳಲ್ಲಿ ಸುಪರಿಚಿತ ಆಶಯಗಳು. ಈ ಕಥೆಯಿಂದ ದಾಳಿಗೆ ಎರಡು ಬಗೆಯ ಸಮರ್ಥನೆ ದೊರೆಯಿತು: ಕುಮಾರ ಸತ್ತಿದ್ದರೆ ರಾಣಿ ಕೊಲೆಗಾತಿ, ಬದುಕಿದ್ದರೆ ಅಪಹಾರಿಣಿ. ಆದರೆ ಬಿದನೂರು ಕೈವಶವಾದ ಮೇಲೆ ಹೈದರಾಲಿ ಆ ಯುವಕನಿಗೆ ಪಟ್ಟ ಕಟ್ಟಲಿಲ್ಲ. ಅವನನ್ನೂ ಮಧುಗಿರಿಯ ಸೆರೆಗೇ ಕಳುಹಿಸಿದನೆಂದು ವಿಲ್ಕ್ಸನೇ ಬರೆಯುತ್ತಾನೆ. ಕಥೆಯ ಪ್ರಯೋಜನ ಅಲ್ಲಿಗೆ ಮುಗಿದಿತ್ತು.

ಆಳುವ ಸ್ತ್ರೀಯ ಮೇಲೆ ಇಂತಹ ಅಪವಾದ ಹೊರಿಸಿದುದು ನಮ್ಮ ನಾಡಿನಲ್ಲಿ ಮಾತ್ರವಲ್ಲ. ಸ್ಕಾಟ್ಲೆಂಡಿನ ಕ್ಯಾಥೊಲಿಕ್ ರಾಣಿ ಮೇರಿ ಪ್ರಾಟೆಸ್ಟಂಟ್ ಸರದಾರರ ನಡುವೆ ಆಳಬೇಕಾಯಿತು. 1567ರಲ್ಲಿ ಪತಿ ಡಾರ್ನ್ಲಿಯ ಕೊಲೆಯಾಯಿತು. ಕೊಲೆಯ ಸಂಶಯಕ್ಕೊಳಗಾಗಿದ್ದ ಬಾತ್ವೆಲ್‌ನನ್ನು ಅವಳು ವಿವಾಹವಾದಳು. ಅದೇ ವರ್ಷ ಪದತ್ಯಾಗ ಮಾಡಬೇಕಾಗಿ ಬಂದು, ಮುಂದೆ ಇಂಗ್ಲೆಂಡಿನಲ್ಲಿ ಸುಮಾರು 19 ವರ್ಷ ಬಂಧನದಲ್ಲಿದ್ದು, 1587ರಲ್ಲಿ ಶಿರಚ್ಛೇದಕ್ಕೆ ಒಳಗಾದಳು. ಆದರೆ ಮೇರಿಯ ಪತ್ರಗಳೂ ವಿಚಾರಣೆಯ ದಾಖಲೆಗಳೂ ಉಳಿದಿರುವುದರಿಂದ ಅವಳ ಪರವಾಗಿಯೂ ವಾದಿಸಲು ಆಧಾರವಿದೆ. ವೀರಮ್ಮಾಜಿಯ ಕಥೆ ಬಹುಮಟ್ಟಿಗೆ ಅನ್ಯರ ಲೇಖನಿಯಿಂದಲೇ ನಮಗೆ ದೊರೆತಿದೆ.

ಈ ಹಿನ್ನೆಲೆಯಲ್ಲಿ ಚೆನ್ನಮ್ಮಾಜಿಯೊಡನೆ ಹೋಲಿಕೆ ಅವಶ್ಯ. ಅವಳೂ 1671ರಲ್ಲಿ ಪತಿಯನ್ನು ಕಳೆದುಕೊಂಡು, ದತ್ತು ಪಡೆದು, ಇಪ್ಪತ್ತೈದು ವರ್ಷ ಆಳಿದಳು. 1689ರಲ್ಲಿ ರಾಜಾರಾಮನಿಗೆ ಆಶ್ರಯವಿತ್ತು ಔರಂಗಜೇಬನ ಸೈನ್ಯವನ್ನು ಎದುರಿಸಿದಳು. ವೈಧವ್ಯ, ದತ್ತು, ಸ್ವಂತ ಆಳ್ವಿಕೆ ಇಬ್ಬರಿಗೂ ಸಮಾನ. ಒಬ್ಬಳು ರಾಜ್ಯವನ್ನು ಉಳಿಸಿದಳು, ಇನ್ನೊಬ್ಬಳು ಕಳೆದುಕೊಂಡಳು. ಸೋತ ಅರಸನ ಸೋಲಿಗೆ ಚರಿತ್ರೆಕಾರರು ಸೇನೆಯಲ್ಲಿ, ಬೊಕ್ಕಸದಲ್ಲಿ ಕಾರಣ ಹುಡುಕುತ್ತಾರೆ; ಸೋತ ರಾಣಿಯ ಸೋಲಿಗೆ ಅವಳ ಶೀಲದಲ್ಲಿ ಹುಡುಕಿದರು.

1767ರಲ್ಲಿ ಪೇಶ್ವೆ ಮಾಧವರಾಯನ ಸೈನ್ಯ ಮಧುಗಿರಿಯನ್ನು ಹಿಡಿದು ರಾಣಿಯನ್ನು ಬಿಡುಗಡೆ ಮಾಡಿತು. ಪುಣೆಯ ದಾರಿಯಲ್ಲಿ ಅವಳು ತೀರಿಕೊಂಡಳು. ಅಷ್ಟರಲ್ಲಿ ಬಿದನೂರು ಹೈದರನಗರವಾಗಿತ್ತು. ಕೆಳದಿ ಅರಸರ ಕಾಲದ ಮಹಾದಾನಪುರವು, ಹೈದರಾಲಿಗೋ ಟಿಪ್ಪುವಿಗೋ ಅಲ್ಲಿ ಹೇರಳ ಬೇಟೆ ದೊರೆತುದರಿಂದ ಶಿಕಾರಿಪುರವಾಯಿತೆಂದು ಐತಿಹ್ಯ ಹೇಳುತ್ತದೆ. ಗೆದ್ದವರು ಊರುಗಳಿಗೆ ಹೆಸರಿಡುವಂತೆ ಸೋತವರಿಗೂ ಹೆಸರಿಡುತ್ತಾರೆ. ವೀರಮ್ಮಾಜಿ ನಿರ್ದೋಷಿಯೆಂದು ಸಾಧಿಸುವುದು ಇಲ್ಲಿನ ಗುರಿಯಲ್ಲ. ಕಥೆಯ ಆಶಯವನ್ನು ಸಾಕ್ಷ್ಯವೆಂದು ಸ್ವೀಕರಿಸಿ ಅವಳಿಗೆ ನೀಡಿರುವ ತೀರ್ಪನ್ನು ಸಂಶೋಧಕರು ಪುನರ್ವಿಮರ್ಶೆಗೆ ಒಳಪಡಿಸಬೇಕೆಂಬುದಷ್ಟೇ ಇಲ್ಲಿನ ಆಗ್ರಹ.