ನರ್ಸ್ ಡೈರಿ 14: ‘ಲೈಟ್’ ಸಿಗರೇಟಿನ ಕಥೆ

‘ನಾನು ಸೇದಿದ್ದು ಲೈಟ್ ಮಾತ್ರ’ ಅಂತಾರೆ ಇಲ್ಲಿ ಟೋಟೆಮ್ ಲೇಕ್‌ನ ವಯಸ್ಸಾದ ರೋಗಿಗಳು. ಪಾಪ, ಆ ಸಿಗರೇಟಿನ ತಂಬಾಕಿನಲ್ಲಿ ನಿಕೋಟಿನ್ ಅಷ್ಟೇ ಇತ್ತು. ಫಿಲ್ಟರ್‌ನಲ್ಲಿದ್ದ ಸಣ್ಣ ತೂತುಗಳಿಂದ ಗಾಳಿ ಬೆರೆತು ಯಂತ್ರದ ಪರೀಕ್ಷೆಯಲ್ಲಿ ಕಡಿಮೆ ತೋರಿಸುತ್ತಿತ್ತು. ಸೇದುವವರು ತೂತು ಮುಚ್ಚಿ, ಇನ್ನೂ ಜೋರಾಗಿ ಎಳೆದರು. 2010ರಲ್ಲಿ ಅಮೆರಿಕ ಆ ಪದವನ್ನೇ ಪ್ಯಾಕಿನಿಂದ ತೆಗೆಸಿತು.

1994ರಲ್ಲೇ ಬೆನೊವಿಟ್ಜ್ ಮತ್ತು ಹೆನ್ನಿಂಗ್‌ಫೀಲ್ಡ್ ಬೇರೆ ದಾರಿ ಹೇಳಿದ್ದರು: ಚಟ ಹಿಡಿಯದಷ್ಟು ಮಟ್ಟಕ್ಕೆ ತಂಬಾಕಿನಲ್ಲೇ ನಿಕೋಟಿನ್ ಇಳಿಸಿ. ಮುಂದೆ ಪ್ರಯೋಗ ಮಾಡಿದಾಗ 18ರಿಂದ 24ರ ಹುಡುಗರಿಗೆ ಅಂಥ ಸಿಗರೇಟು ದೊಡ್ಡವರಿಗಿಂತ ಸಪ್ಪೆ ಎನಿಸಿತು. ಹೊಗೆಯ ಟಾರ್ ಮಾತ್ರ ಎಲ್ಲರಿಗೂ ಒಂದೇ, ನೆನಪಿರಲಿ.

ನ್ಯೂಜಿಲೆಂಡ್ 2022ರಲ್ಲಿ ಕಾನೂನು ಮಾಡಿ 2024ರಲ್ಲಿ ರದ್ದು ಮಾಡಿತು. 2025ರ ಜನವರಿಯಲ್ಲಿ ಇಲ್ಲಿನ ಎಫ್‌ಡಿಎ ಒಂದು ಗ್ರಾಂ ತಂಬಾಕಿಗೆ 0.7 ಮಿಲಿಗ್ರಾಂ ಮಿತಿ ಪ್ರಸ್ತಾಪಿಸಿತು. ನನ್ನ ‘ಲೈಟ್’ ಅಜ್ಜನಿಗೆ ಈಗ ಆಕ್ಸಿಜನ್ ಹಾಕಿದೆ.